ಟೈಲು ಕಿತ್ತು ನೋಡಿ ಅಂಕ ಕೊಡಿ

ಮಾನ್ಯ ಸಂಪಾದಕರೇ,

ಓದಿನ ನಂತರ ಯಾವ ದಾರಿ ಹಿಡಿಯಬೇಕೆಂದು ಯುವಜನರಿಗೆ ತಿಳಿಸುವ ಬರಹಗಳಲ್ಲಿ ಗಾರೆ, ಟೈಲ್ಸ್, ಪೇಂಟಿಂಗ್, ಜಿಪ್ಸಮ್ ಬೋರ್ಡ್ ಕೆಲಸಗಳ ಹೆಸರು ಬರುವುದೇ ಅಪರೂಪ. ಬಂದರೂ ‘ಕೆಲವು ವಾರಗಳ ತರಬೇತಿ ಸಾಕು, ಕೂಡಲೇ ದುಡಿಮೆ’ ಎಂಬ ಒಂದು ಸಾಲಿಗೆ ಮುಗಿದುಹೋಗುತ್ತದೆ. ಈ ಕಸುಬುಗಳಿಗೆ ಹೆಚ್ಚು ಕೆಡುಕು ಮಾಡಿರುವುದು ಆ ಒಂದು ಸಾಲೇ. ಕರಣೆ ಹಿಡಿಯುವುದನ್ನು ಕೆಲವು ವಾರಗಳಲ್ಲಿ ಕಲಿಯಬಹುದು, ನಿಜ. ಹಚ್ಚಿದ್ದು ಯಾಕೆ ನಿಲ್ಲುತ್ತದೆ, ಯಾಕೆ ಉದುರುತ್ತದೆ ಎಂಬ ತಿಳಿವಳಿಕೆ ಅಷ್ಟು ಬೇಗ ಬರುವಂಥದ್ದಲ್ಲ. ಕೆಲಸ ಹುಡುಕಿಕೊಂಡು ಬರುವುದು ಅದನ್ನು ಬಲ್ಲವರ ಮನೆಬಾಗಿಲಿಗೆ.

ಗಾರೆಯನ್ನೇ ತೆಗೆದುಕೊಳ್ಳಿ. ಒಳಗೋಡೆಗೆ 12 ಮಿ.ಮೀ. ದಪ್ಪ, ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು ಎಂಬುದು ಹೊಸಬರಿಗೂ ಬಾಯಿಪಾಠ. ಅದನ್ನೇ ಒಣಗಿದ ಇಟ್ಟಿಗೆ ಗೋಡೆಗೆ ಬಳಿದರೆ ಇಟ್ಟಿಗೆ ನೀರನ್ನು ಹೀರಿಕೊಳ್ಳುತ್ತದೆ, ಸಿಮೆಂಟ್ ಗಟ್ಟಿಯಾಗಲು ಬೇಕಾದ ತೇವ ಉಳಿಯುವುದಿಲ್ಲ, ಕೆಲವೇ ದಿನಗಳಲ್ಲಿ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ನೀರು ಹೊಡೆದ ಮರುಕ್ಷಣವೇ ಬಳಿದರೂ ತಪ್ಪು. ನೀರಿನ ಪೊರೆಯ ಮೇಲೆ ಗಾರೆ ಜಾರುತ್ತದೆ. ಗೋಡೆಯ ಒಳಗೆ ತಂಪಿರಬೇಕು, ಮೇಲೆ ನೀರಿನ ಹೊಳಪು ಆರಿರಬೇಕು. ಕಾಂಕ್ರೀಟ್ ಕಂಬದ ನುಣುಪು ಮೈಯನ್ನು ಕೊಚ್ಚಿ ಒರಟು ಮಾಡಬೇಕು. ಕಂಬ, ಇಟ್ಟಿಗೆ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದಿಲ್ಲ. ಹಾಗಾಗಿ ಅವು ಕೂಡುವ ಗೆರೆಯ ಎರಡೂ ಬದಿಗೆ ಚಾಚುವಂತೆ ತಂತಿ ಜಾಲರಿ ಬಿಗಿಯದಿದ್ದರೆ ಅಲ್ಲೇ ನೆಟ್ಟಗೆ ಬಿರುಕು ಏಳುತ್ತದೆ.

ಮರಳಿನ ಲೆಕ್ಕ ಇನ್ನೂ ಸೂಕ್ಷ್ಮ. ನೂರಕ್ಕೆ ಐದರಷ್ಟು ತೇವವಿರುವ ಮರಳು ಒಣ ಮರಳಿಗಿಂತ ಸುಮಾರು ಕಾಲು ಪಾಲು ಹೆಚ್ಚು ಜಾಗ ಹಿಡಿಯುತ್ತದೆ. ಬಾಣಲಿಯಲ್ಲಿ ಅಳೆಯುವವನು ಆರು ಪಾಲು ಹಾಕಿದೆನೆಂದುಕೊಂಡರೂ ಬಿದ್ದಿರುವುದು ಐದಕ್ಕೂ ಕಡಿಮೆ. ಸಿಮೆಂಟ್ ಹೆಚ್ಚಾಯಿತಲ್ಲ, ಒಳ್ಳೆಯದೇ ಅಲ್ಲವೇ ಎಂದು ಮಾಲೀಕರು ಖುಷಿಪಡಬಹುದು. ಆದರೆ ಸಿಮೆಂಟ್ ಹೆಚ್ಚಿದಷ್ಟೂ ಗಾರೆ ಒಣಗುವಾಗ ಹೆಚ್ಚು ಕುಗ್ಗಿ ಸೀಳುತ್ತದೆ. ನುಣುಪಿಗಾಗಿ ಒಣ ಸಿಮೆಂಟ್ ಎರಚಿ ಉಜ್ಜುವ ಚಾಳಿಯಿಂದ ಜೇಡರಬಲೆಯಂಥ ಬಿರುಕು ಬರುವುದೂ ಇದೇ ಕಾರಣಕ್ಕೆ. ಗಟ್ಟಿಯಾಗತೊಡಗಿದ ಗಾರೆಗೆ ಮತ್ತೆ ನೀರು ಸುರಿದು ಮೆದುಮಾಡುವುದು, ಏಳು ದಿನ ನೀರುಣಿಸಬೇಕಾದ ಕಡೆ ಎರಡೇ ದಿನಕ್ಕೆ ನಿಲ್ಲಿಸುವುದು, ಇವನ್ನು ಆ ಹೊತ್ತಿನಲ್ಲಿ ಯಾರೂ ಗಮನಿಸುವುದಿಲ್ಲ. ಗೋಡೆ ಗಮನಿಸಿರುತ್ತದೆ.

ಟೈಲ್ಸ್ ಕೆಲಸದಲ್ಲಿ ಇಂದು ಅತಿ ಹೆಚ್ಚು ಹಾಳಾಗುತ್ತಿರುವುದು ಹಳೆಯ ಕೈಯನ್ನು ಹೊಸ ವಸ್ತುವಿನ ಮೇಲೆ ಆಡಿಸುವುದರಿಂದ. ಹೆಚ್ಚು ಶಾಖದಲ್ಲಿ ಸುಟ್ಟು ಗಾಜಿನಂತೆ ಬಿಗಿಯಾದ ವಿಟ್ರಿಫೈಡ್ ಟೈಲು ತನ್ನ ತೂಕದ ಶೇ 0.5ಕ್ಕಿಂತ ಹೆಚ್ಚು ನೀರು ಹೀರುವುದಿಲ್ಲ. ಸಿಮೆಂಟ್ ಹಾಲು (ನೀರಲ್ಲಿ ಕಲಸಿದ ತೆಳು ಸಿಮೆಂಟ್) ಕಚ್ಚಿಕೊಳ್ಳಲು ಅದರ ಬೆನ್ನಲ್ಲಿ ರಂಧ್ರಗಳೇ ಇಲ್ಲ. ಅದಕ್ಕೆ ಪಾಲಿಮರ್ ಬೆರೆತ ಅಂಟೇ ಬೇಕು, ಆ ಅಂಟನ್ನು ಹಲ್ಲಿನ ಕರಣೆಯಿಂದ ಒಂದೇ ದಿಕ್ಕಿಗೆ ಗೀರಬೇಕು. 600 ಮಿ.ಮೀ. ಚದರದ ಟೈಲಿಗೆ 10 ಅಥವಾ 12 ಮಿ.ಮೀ. ಹಲ್ಲು, ಜೊತೆಗೆ ಟೈಲಿನ ಬೆನ್ನಿಗೂ ತೆಳುವಾದ ಒಂದು ಲೇಪ. ಟೈಲನ್ನು ಗೀರುಗಳಿಗೆ ಅಡ್ಡಲಾಗಿ ಆಚೀಚೆ ಸರಿಸಿ ಒತ್ತಿದಾಗ ಏರುಗಳು ಕುಸಿದು ಗಾಳಿ ಹೊರಹೋಗುತ್ತದೆ. ಸುತ್ತಿ ಸುತ್ತಿ ಗೀರಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಒಣ ಕೋಣೆಯಲ್ಲಿ ಟೈಲಿನ ಬೆನ್ನಿನ ಶೇ 80, ಬಚ್ಚಲಲ್ಲೂ ಹೊರಾಂಗಣದಲ್ಲೂ ಶೇ 95 ಭಾಗ ಅಂಟು ಹತ್ತಿರಬೇಕು. ನಾಲ್ಕು ಮೂಲೆಗೊಂದೊಂದು, ನಡುವೆ ಒಂದು ಮುದ್ದೆ ಇಟ್ಟು ಒತ್ತುವ ಪದ್ಧತಿಯಲ್ಲಿ ಬೆನ್ನಿನ ಅರ್ಧದಷ್ಟು ಜಾಗ ಖಾಲಿ. ಭಾರದ ಪಾತ್ರೆಯೊಂದು ಆ ಟೊಳ್ಳಿನ ಮೇಲೆ ಬಿದ್ದರೆ ಸಾಕು, ಟೈಲು ಸೀಳುತ್ತದೆ. ಹರಡಿದ ಅಂಟನ್ನು ಬೆರಳಲ್ಲಿ ಮುಟ್ಟಿ ನೋಡಬೇಕು. ಬೆರಳಿಗೆ ಹತ್ತದಿದ್ದರೆ ಕೆನೆಗಟ್ಟಿದೆ ಎಂದರ್ಥ, ಕೆರೆದು ಎಸೆಯಲೇಬೇಕು.

ಅಂಚಿನಲ್ಲಿ ಗೋಡೆಗೂ ನೆಲಕ್ಕೂ ನಡುವೆ 6 ಮಿ.ಮೀ.ನಷ್ಟು ಬಿಡುವು ಬಿಟ್ಟು ಅದನ್ನು ಗೋಡೆಯ ಬುಡದ ಪಟ್ಟಿಯಾದ ಸ್ಕರ್ಟಿಂಗ್‌ನಿಂದ ಮುಚ್ಚಬೇಕು. ಬಿಡದಿದ್ದರೆ ಬಿಸಿಲಿಗೆ ಹಿಗ್ಗಿದ ನೆಲಕ್ಕೆ ಹೋಗಲು ಜಾಗವಿಲ್ಲದೆ ಸಾಲು ಸಾಲು ಟೈಲುಗಳು ಗುಡಾರದಂತೆ ಮೇಲೇಳುತ್ತವೆ. ಹಲಗೆಯಾಕಾರದ ಉದ್ದ ಟೈಲುಗಳಿಗೆ ನಡುವಿನಲ್ಲಿ ಸ್ವಲ್ಪ ಬಾಗು ಇದ್ದೇ ಇರುತ್ತದೆ. ಇಟ್ಟಿಗೆಯಂತೆ ಅರ್ಧಕ್ಕೆ ಅರ್ಧ ಜೋಡಿಸಿದರೆ ಒಂದರ ಉಬ್ಬು ಇನ್ನೊಂದರ ತಗ್ಗಿನ ಪಕ್ಕಕ್ಕೆ ಬಂದು ಕಾಲಿಗೆ ತಡೆಯುತ್ತದೆ; ಮೂರನೇ ಒಂದು ಭಾಗದಷ್ಟೇ ಸರಿಸುವುದು ಕ್ಷೇಮ. ಇದಕ್ಕೆಲ್ಲ ಮೊದಲು ನೂಲು ಹಿಡಿದು 3, 4, 5 ಮೀಟರಿನ ತ್ರಿಕೋನದಿಂದ ಮೂಲೆ ಸರಿಯಾಗಿ ಲಂಬಕೋನದಲ್ಲಿದೆಯೇ ಎಂದು ನೋಡಿ, ಅಂಟಿಲ್ಲದೆ ಒಂದು ಸಾಲು ಜೋಡಿಸಿ, ಅಂಚಿಗೆ ಅರ್ಧ ಟೈಲಿಗಿಂತ ಸಣ್ಣ ತುಂಡು ಬರುವುದಾದರೆ ನಡುಗೆರೆಯನ್ನೇ ಅರ್ಧ ಟೈಲು ಸರಿಸುವ ಜಾಣ್ಮೆ ಬೇಕು. ಮೇಸ್ತ್ರಿಗೂ ಕೈಯಾಳಿಗೂ ಇರುವ ವ್ಯತ್ಯಾಸ ಬಹುಪಾಲು ಈ ಮೊದಲ ಗಂಟೆಯಲ್ಲೇ ಕಾಣುತ್ತದೆ.

ಪೇಂಟಿಂಗ್‌ನಲ್ಲಿ ಕಾಯುವುದೇ ಅರ್ಧ ವಿದ್ಯೆ. ಹೊಸ ಗಾರೆ ತೀವ್ರ ಕ್ಷಾರೀಯ. ಅದರ ಮೇಲೆ ಎಣ್ಣೆ ಬಣ್ಣ ಬಳಿದರೆ ಕ್ಷಾರ ಮತ್ತು ಎಣ್ಣೆ ಸೇರಿ ಸಾಬೂನಾಗಿ, ಬಣ್ಣ ಅಂಟಂಟಾಗಿ ಸುಲಿದು ಬರುತ್ತದೆ. ನಾಲ್ಕು ವಾರ ಬಿಟ್ಟು, ಒಂದೂವರೆ ಅಡಿ ಚದರದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಅಂಟಿಸಿ, 16 ಗಂಟೆಯ ನಂತರ ಒಳಗೆ ಬೆವರು ಕಂಡರೆ ಇನ್ನೂ ಕಾಯಬೇಕು. ಗೋಡೆಯನ್ನು ನುಣುಪಾಗಿಸಲು ಹಚ್ಚುವ ಪುಟ್ಟಿ ತೆಳುವಾಗಿಯೇ ಇರಬೇಕು. ಗಾರೆಯವರ ಸೊಟ್ಟನ್ನು ಪುಟ್ಟಿಯಲ್ಲಿ ಮುಚ್ಚಲು ಹೋದವರು ಬಿರುಕಿಗೆ ಹೊಣೆಯಾಗುತ್ತಾರೆ. ಜಿಪ್ಸಮ್ ಬೋರ್ಡಿನಲ್ಲಿ ಸ್ಕ್ರೂ ತಲೆ ಬೋರ್ಡಿನ ಮೇಲ್ಮೈಯ ಕಾಗದವನ್ನು ಹರಿಯದೆ ಅದರೊಳಗೆ ಅದುಮಿ ನಿಲ್ಲಬೇಕು. ಕಾಗದ ಹರಿದರೆ ಆ ಸ್ಕ್ರೂ ಏನನ್ನೂ ಹಿಡಿದಿಲ್ಲವೆಂದೇ ಲೆಕ್ಕ.

ಮೊದಲ ದಿನವೇ ಕಲಿಸಬೇಕಾದದ್ದು ಧೂಳಿನ ವಿಷಯ. ಟೈಲು, ಕಲ್ಲು, ಕಾಂಕ್ರೀಟನ್ನು ಒಣದಾಗಿ ಕತ್ತರಿಸಿದಾಗ ಏಳುವ ಸಿಲಿಕಾ ಶ್ವಾಸಕೋಶಕ್ಕೆ ಇಳಿದರೆ ಬರುವ ಸಿಲಿಕೋಸಿಸ್ ಗುಣವಾಗುವ ಕಾಯಿಲೆಯಲ್ಲ. ಬ್ಲೇಡಿಗೆ ನೀರು ಬೀಳುವಂತೆ ಕತ್ತರಿಸುವುದು, ಮುಖಕ್ಕೆ ಬಿಗಿಯಾಗಿ ಕೂರುವ ಎನ್‌95 ಮಾಸ್ಕ್, ಗುಡಿಸುವ ಬದಲು ಒದ್ದೆ ಮಾಡಿ ಬಾಚುವುದು, ಇಷ್ಟು ಮಾಡದವರು ಮೂವತ್ತು ವರ್ಷದ ದುಡಿಮೆಯನ್ನು ಹತ್ತಕ್ಕೆ ಮುಗಿಸಿಕೊಳ್ಳುವ ಅಪಾಯವಿದೆ. ಕರವಸ್ತ್ರ ಕಟ್ಟಿಕೊಂಡರೆ ಪ್ರಯೋಜನವಿಲ್ಲ.

ಈ ದಾರಿಯಲ್ಲಿ ಮೇಲೇರಲು ಎರಡನೇ ಮೆಟ್ಟಿಲು ಲೆಕ್ಕ. 100 ಚದರ ಮೀಟರ್ ಗೋಡೆಗೆ 12 ಮಿ.ಮೀ. ಗಾರೆ ಎಂದರೆ 1.2 ಘನ ಮೀಟರ್. ಸಂದುಗಳಿಗೂ ಉಬ್ಬುತಗ್ಗಿಗೂ ಐದನೇ ಒಂದು ಭಾಗ ಸೇರಿಸಿ, ನೀರು ಬೆರೆತಾಗ ಒಣ ಮಾಲು ಕುಗ್ಗುವುದರಿಂದ ಮತ್ತೆ ಮೂರನೇ ಒಂದು ಭಾಗ ಸೇರಿಸಿದರೆ ಸುಮಾರು 1.9. ಅದರ ಏಳನೇ ಒಂದು ಪಾಲು ಸಿಮೆಂಟ್: 50 ಕೆ.ಜಿ.ಯ ಎಂಟು ಚೀಲ, ಮರಳು 1.65 ಘನ ಮೀಟರಿನಷ್ಟು. ಈ ಲೆಕ್ಕವನ್ನು ನಿಂತಲ್ಲೇ ಹೇಳಬಲ್ಲವರು ಕೂಲಿಯಿಂದ ಗುತ್ತಿಗೆಗೆ, ಅಲ್ಲಿಂದ ಮೇಲ್ವಿಚಾರಣೆಗೆ ಹೋಗಬಲ್ಲರು. ಲೆಕ್ಕ ಬಾರದ ನುರಿತ ಕೈ ಇನ್ನೊಬ್ಬರ ಲೆಕ್ಕದ ಕೆಳಗೇ ಉಳಿಯುತ್ತದೆ.

ಜರ್ಮನಿಯಲ್ಲಿ ಟೈಲ್ಸ್ ಕಸುಬಿನವರ ಅಪ್ರೆಂಟಿಸ್ ಕಲಿಕೆಗೆ ಮೂರು ವರ್ಷ. ಸ್ವಂತ ಸಂಸ್ಥೆ ತೆರೆಯಲು ಬೇಕಿದ್ದ ಮಾಸ್ಟರ್ ಅರ್ಹತೆಯನ್ನು 2004ರಲ್ಲಿ ಅಲ್ಲಿ ಕೈಬಿಟ್ಟರು. ಸಂಸ್ಥೆಗಳ ಸಂಖ್ಯೆ ಹೆಚ್ಚಿತು, ಕಲಿಯುವವರ ಸಂಖ್ಯೆ ಇಳಿಯಿತು. 2020ರಲ್ಲಿ ಟೈಲ್ಸ್ ಸೇರಿ 12 ಕಸುಬುಗಳಿಗೆ ಆ ಅರ್ಹತೆಯನ್ನು ಮತ್ತೆ ಕಡ್ಡಾಯ ಮಾಡಿದರು. ವಾರಗಳಲ್ಲಿ ಕುಶಲಕರ್ಮಿಗಳನ್ನು ತಯಾರಿಸುತ್ತೇವೆ ಎನ್ನುವವರು ಇದನ್ನು ಗಮನಿಸಬೇಕು.

ತರಬೇತಿ ಕೇಂದ್ರಗಳಲ್ಲಿ ನನ್ನ ಒತ್ತಾಯವಿಷ್ಟೇ: ಪರೀಕ್ಷೆಯನ್ನು ಹೊಳಪು ನೋಡಿ ಮುಗಿಸಬೇಡಿ. ವಿದ್ಯಾರ್ಥಿ ಟೈಲು ಹಚ್ಚಿ ಹತ್ತು ನಿಮಿಷದೊಳಗೆ ಪರೀಕ್ಷಕರು ಒಂದನ್ನು ಎಬ್ಬಿಸಿ, ಬೆನ್ನು ತಿರುಗಿಸಿ, ಅಂಟು ಎಷ್ಟು ಭಾಗಕ್ಕೆ ಹತ್ತಿದೆ ಎಂದು ಅಳೆಯಲಿ. ಏಳು ದಿನದ ಹಿಂದೆ ಅದೇ ವಿದ್ಯಾರ್ಥಿ ಬಳಿದ ಗಾರೆಯನ್ನು ತಟ್ಟಿ ಕೇಳಲಿ, ಗೋಡೆಗೆ ಒತ್ತಿ ಟಾರ್ಚ್ ಹಿಡಿದು ಉಬ್ಬುತಗ್ಗಿನ ನೆರಳು ನೋಡಲಿ. ಟೊಳ್ಳು ಕಂಡರೆ ಕಾರಣವೇನೆಂದು ಆ ವಿದ್ಯಾರ್ಥಿಯ ಬಾಯಿಂದಲೇ ಹೇಳಿಸಲಿ, ಸರಿಯಾದ ಕಾರಣಕ್ಕೆ ಅರ್ಧದಷ್ಟು ಅಂಕ ಕೊಡಲಿ.

– ಕಟ್ಟಡ ಕಸುಬುಗಳ ತರಬೇತುದಾರ