ಜಡ್ಡಿಗೆ ಜೆಸಿಬಿ ತರಿಸುವ ಮುಂಚೆ

ಪ್ರೀತಿಯ ತಮ್ಮಾ, ನಿನ್ನ ದೊಡ್ಡಪ್ಪನ ಆಶೀರ್ವಾದ.

ಮನೆ ಹಿಂದಿನ ಜಡ್ಡಿಗೆ, ಆ ಜೌಗು ಕಾಡಿಗೆ, ಜೆಸಿಬಿ ತರಿಸಿ, ಬಸಿಗಾಲುವೆ ಹೊಡೆಸಿ ಅಡಿಕೆ ಸಸಿ ಹಾಕುತ್ತೀಯಂತೆ. ನಿನ್ನ ಅಪ್ಪ ಹೇಳಿದ. ಬೇಡ ಅನ್ನುವ ಬಾಯಿ ನನಗಿಲ್ಲ. ಆ ಕೆಲಸ ಮೊದಲು ಮಾಡಿದವನು ನಾನೇ.

ನಮ್ಮ ಕೆಳಗಿನ ತೋಟ ಇದೆಯಲ್ಲ, ಅದೂ ಒಂದು ಕಾಲಕ್ಕೆ ಜಾಯಿಕಾಯಿ ಬಳಗದ ರಾಮಪತ್ರೆ ಮರಗಳ ಜಡ್ಡಿಯೇ. ಮೊಣಕಾಲು ಮಡಚಿದ ಹಾಗೆ ಬೇರುಗಳು ಕೆಸರಿನಿಂದ ಮೇಲೆದ್ದಿರುತ್ತಿದ್ದವು. ಕೆಸರಿನೊಳಗೆ ಗಾಳಿ ಸಿಗುವುದಿಲ್ಲ, ಅದಕ್ಕೇ ಬೇರು ಉಸಿರಾಡಲು ಹೊರಗೆ ಬರುತ್ತದೆ. ನನಗೆ ಆಗ ಅದೆಲ್ಲ ಎಲ್ಲಿ ಗೊತ್ತು? ಕಾಲಿಗೆ ಎಡವುವ ಪೀಡೆ ಅಂದುಕೊಂಡು ಕಡಿಸಿದೆ. ಕಾಲುವೆ ತೋಡಿ ನೀರು ಇಳಿಸಿದೆ. ತೋಟ ಚೆನ್ನಾಗಿಯೇ ಬಂತು, ಸುಳ್ಳು ಹೇಳಬಾರದು. ಆದರೆ ಬೇಸಿಗೆಯಲ್ಲೂ ಹರಿಯುತ್ತಿದ್ದ ಹಳ್ಳ ಕೆಲವೇ ವರ್ಷಕ್ಕೆ ಶಿವರಾತ್ರಿ ಹೊತ್ತಿಗೇ ನಿಲ್ಲತೊಡಗಿತು. ಮಳೆನೀರನ್ನು ಹಿಡಿದಿಟ್ಟು ಚೂರು ಚೂರೇ ಬಿಡುತ್ತಿದ್ದದ್ದು ಆ ಜಡ್ಡಿ. ನೀರು ಜಾಸ್ತಿ ಅಂತ ಬಸಿದು ತೋಟ ಮಾಡಿದವನು ಈಗ ಅದೇ ತೋಟಕ್ಕೆ ಬೋರಿನಿಂದ ನೀರೆತ್ತುತ್ತಿದ್ದೇನೆ. ನಗು ಬರುತ್ತೆ ಅಲ್ವಾ?

ಮರ ಬೇಕಾದರೆ ಮತ್ತೆ ನೆಟ್ಟರಾಯಿತು ಅಂದೆಯಂತೆ. ರಾಮಪತ್ರೆ ಜಾತಿಯ ಬೀಜ ಒಣಗಿದರೆ ಹುಟ್ಟುವುದಿಲ್ಲ ಮಾರಾಯ. ಮಂಗಟ್ಟೆ ಹಕ್ಕಿ ಬೀಜಕ್ಕೆ ಸುತ್ತಿದ ಕೆಂಪು ಪತ್ರೆಯ ಆಸೆಗೆ ನುಂಗಿ, ಬೀಜವನ್ನು ದೂರದಲ್ಲಿ ಉಗುಳಬೇಕು. ಅದು ಹಸಿ ನೆಲಕ್ಕೇ ಬೀಳಬೇಕು. ನಾವೋ, ಪತ್ರೆಗೆ ದರ ಬಂತೆಂದರೆ ಬಲಿಯದ ಕಾಯನ್ನೂ ಬಿಡುವುದಿಲ್ಲ.

ನಮ್ಮದೇ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಎಂಬ ಕಾಡನ್ನು ನೀನು ನೋಡಿಲ್ಲ. ಅಲ್ಲಿನ ಜಡ್ಡಿಯಲ್ಲಿ ಸಿಕ್ಕ ಗೇರಿನ ವಂಶದ ಒಂದು ಮರಕ್ಕೆ ಸಸ್ಯತಜ್ಞರು ಹೆಸರಿಟ್ಟದ್ದೇ 2000ದಲ್ಲಿ: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಸಿಂಗಳೀಕಗಳಿರುವ ಆ ಸೀಮೆಯ ಕಾಡು 2011ರಲ್ಲಿ ಸಂರಕ್ಷಿತವಾಯಿತು. ಸರ್ಕಾರದ ಕಾಡಿಗೆ ಕಾವಲುಗಾರರಿದ್ದಾರೆ, ನಮ್ಮ ಹಿತ್ತಿಲ ಜಡ್ಡಿಗೆ ನಾವೇ. ನಾನು ಕಡಿಸಿದ್ದರಲ್ಲಿ ಹೆಸರಿಲ್ಲದ್ದು ಏನೇನಿತ್ತೋ! ರಾತ್ರಿ ಕೆಲವೊಮ್ಮೆ ಸುಮ್ನೆ ಅದೇ ನೆನಪಾಗುತ್ತದೆ.

ಆದಾಯ ಬೇಕು, ಸರಿ. ಇರುವ ಅಡಿಕೆ ಮರಗಳಿಗೇ ಕಾಳುಮೆಣಸು ಹಬ್ಬಿಸು, ಬಳ್ಳಿ ನಾನು ಮಾಡಿಕೊಡುತ್ತೇನೆ. ಜೆಸಿಬಿಯವನಿಗೆ ಮುಂಗಡ ಕೊಟ್ಟಿದ್ದರೆ ವಾಪಸ್ ಕೇಳು. ದೀಪಾವಳಿಗೆ ಬಂದಾಗ ಕತ್ತಲೆಕಾನಿಗೆ ಒಂದು ದಿನ ಹೋಗಿಬರೋಣ. ಹಳೇ ಚಪ್ಪಲಿ ಹಾಕಿಕೊಂಡು ಬಾ. ಜಿಗಣೆಗೆ ಸುಣ್ಣ, ತಂಬಾಕು ನನ್ನ ಹತ್ತಿರ ಇದೆ.

ನಿನ್ನ ದೊಡ್ಡಪ್ಪ