ಮಾರ್ಚ್ 31ಕ್ಕೆ ಮುಂಚೆ

ಪುಟ್ಟಿ,

ಭಾನುವಾರ ನೀನು ಫೋನ್ ಇಟ್ಟ ಮೇಲೆ ಮತ್ತೆ ಮಾಡೋಣ ಅಂದುಕೊಂಡೆ. ಮಾಡಿದ್ದರೆ ಮತ್ತೆ ಜಗಳವೇ ಆಗುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಹಾಗೆ ಗದರಬಾರದಿತ್ತು. ಅಷ್ಟೇ, ಅದನ್ನು ಎಳೆಯುವುದು ಬೇಡ.

ನಿಮ್ಮ ಟ್ರಸ್ಟ್ ಆಸ್ಪತ್ರೆಯ ಫಂಡ್ ನಿಂತಿದೆ, ಮಾರ್ಚ್ 31ಕ್ಕೆ ಫೀಲ್ಡಿನವರೆಲ್ಲ ಮನೆಗೆ. ಕಾಡಿನ ಹಾಡಿಗಳಾದ ಪೋಡಿಂದ ಪೋಡಿಗೆ ನಡೆದು, ಸಿಕಲ್ ಸೆಲ್ ಅನ್ನೋ ರಕ್ತದ ಕಾಯಿಲೆಯ ತಪಾಸಣೆಗೆ ಸೋಲಿಗರನ್ನು ಒಪ್ಪಿಸಿ ಕರೆತಂದ ಹುಡುಗಿಯರಿಗೆ ಕೆಲಸದಿಂದ ತೆಗೆಯುವ ಪತ್ರವನ್ನು ನೀನೇ ಟೈಪ್ ಮಾಡಬೇಕು. ಅದಕ್ಕಿಂತ ರಾಜೀನಾಮೆ ಕೊಡುವುದೇ ವಾಸಿ ಅಂದೆ ನೀನು. ಸರಿ, ಕೊಟ್ಟುಬಿಟ್ಟೆ ಅಂದುಕೋ. ಆ ಪತ್ರವನ್ನು ಇನ್ಯಾರೋ ಎರಡು ಸಾಲಲ್ಲಿ ಬರೆದು ಮುಗಿಸುತ್ತಾರೆ. ಲೆಕ್ಕ ನೋಡುವವರು ಯಾರು?

ನಮ್ಮ ಆಸ್ಪತ್ರೆಯ ಆಯಮ್ಮ ನಿನಗೆ ನೆನಪಿರಲಿಕ್ಕಿಲ್ಲ. ಹೆರಿಗೆ ವಾರ್ಡಿನಲ್ಲಿದ್ದಳು. ಅದೂ ಟ್ರಸ್ಟ್ ಆಸ್ಪತ್ರೆಯೇ. ನಾನು ಅಕೌಂಟ್ಸ್ ಕೌಂಟರಿನಲ್ಲಿ. ಅಷ್ಟು ವರ್ಷ ದುಡಿದರೂ ಮಸ್ಟರ್ ರೋಲಿನಲ್ಲಿ ಅವಳ ಹೆಸರೇ ಇರಲಿಲ್ಲ. ತಿಂಗಳ ಕೊನೆಗೆ ಒಂದು ವೋಚರ್, ಅದಕ್ಕೊಂದು ರೆವಿನ್ಯೂ ಸ್ಟಾಂಪು, ಸ್ಟಾಂಪಿನ ಮೇಲೆ ಅವಳ ಹೆಬ್ಬೆಟ್ಟು. ಕೆಲಸ ಬಿಡುವ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಇಂಥ ತಾಯಂದಿರಿಂದಲೇ ಸಂಸ್ಥೆ ನಡೆಯುತ್ತಿದೆ ಅಂತ ಭಾಷಣ ಮಾಡಿದರು. ಭಾಷಣ ಚೆನ್ನಾಗಿಯೇ ಇತ್ತು.

ಮುಂದಿನ ವಾರ ಕೌಂಟರಿಗೆ ಬಂದಳು. "ಸಾರ್, ನನ್ನ ಲೆಕ್ಕ ಎಷ್ಟಾಯ್ತು?" ಅಂದಳು. ಪಿಎಫ್ ಇಲ್ಲ, ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಯೂ ಇಲ್ಲ. ಒಳಗೆ ಹೋಗಿ ಕೇಳಿದೆ. "ಇದು ಸೇವಾ ಸಂಸ್ಥೆ ಕಣ್ರೀ" ಅಂದರು. ಹೊರಗೆ ಬಂದು ಸುಮ್ನೆ ರಿಜಿಸ್ಟರ್ ತಿರುವುತ್ತಾ ನಿಂತೆ. ಅವಳು ಬೆಂಚಿನ ಮೇಲೆ ಕಾದಳು. ನಾನು ಊಟ ಮಾಡಿ ಬಂದಾಗಲೂ ಅಲ್ಲೇ ಇದ್ದಳು. ಅದೇ ಶಾಲು ಹೊದ್ದು ಬಂದಿದ್ದಳು, ಅದನ್ನು ಹೇಳಲಿಲ್ಲ ಅಲ್ವಾ.

ಹಾಗಾಗಿ ಕೇಳು. ಐದು ವರ್ಷ ತುಂಬಿದವರಿಗೆ ವರ್ಷಕ್ಕೆ 15 ದಿನದ ಸಂಬಳ ಗ್ರಾಚ್ಯುಟಿ. ದಿನದ ಸಂಬಳ ತೆಗೆಯಲು ತಿಂಗಳಿಗೆ 26 ದಿನ ಅಂತ ಹಿಡಿಯಬೇಕು. ಬೇಸಿಕ್, ಡಿಎ ಸೇರಿ 13,000 ಇದ್ದರೆ ವರ್ಷಕ್ಕೆ 7,500. ಆರು ವರ್ಷಕ್ಕೆ 45,000. ಆ ಹುಡುಗಿಯರ ಮನೆಯಲ್ಲಿ ಅದು ಸಣ್ಣ ದುಡ್ಡಲ್ಲ. 2025ರ ನವೆಂಬರ್ 21ರಿಂದ ಹೊಸ ಸಾಮಾಜಿಕ ಭದ್ರತಾ ಸಂಹಿತೆ ಬಂದ ಮೇಲೆ, ನಿಗದಿತ ಅವಧಿಗೆ ಸೇರಿದವರಿಗೆ ಒಂದು ವರ್ಷಕ್ಕೇ ಸಿಗುತ್ತದೆ. ನಿಮ್ಮಲ್ಲಿ ಹನ್ನೊಂದು ತಿಂಗಳ ಕಾಂಟ್ರಾಕ್ಟ್ ಮಾಡಿ ಒಂದು ದಿನ ಬ್ರೇಕ್ ಕೊಡುತ್ತಾರೆ ಅಂದಿದ್ದೆಯಲ್ಲ, ಅಷ್ಟಕ್ಕೇ ಸರ್ವಿಸ್ ತುಂಡಾಯಿತು ಅಂತ ಯಾರಾದರೂ ಹೇಳಿದರೆ ಒಪ್ಪಬೇಡ. ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ ಇಡೀ ವರ್ಷದ ಸರ್ವಿಸ್ ಅಂತ ಹಿಡಿಯುವ ಲೆಕ್ಕ ಒಂದಿದೆ, ಅದನ್ನು ತೆಗೆದು ಮುಂದಿಡು. ಪಿಎಫ್ ಪೋರ್ಟಲ್‌ನಲ್ಲಿ ಪ್ರತಿಯೊಬ್ಬರದೂ ಕೆಲಸ ಬಿಟ್ಟ ತಾರೀಖು ಹಾಕಿಸು. ಹಾಕದಿದ್ದರೆ ದುಡ್ಡು ತೆಗೆಯಲು ಅಲೆಯುತ್ತಾರೆ. ಅನುಭವ ಪತ್ರದಲ್ಲಿ ಏನೇನು ಕೆಲಸ ಮಾಡಿದರು ಅಂತ ಬಿಡಿಸಿ ಬರಿ. 'ತೃಪ್ತಿಕರ ಸೇವೆ' ಅಂದರೆ ಮುಂದಿನ ಆಸ್ಪತ್ರೆಯವರಿಗೆ ಏನೂ ತಿಳಿಯುವುದಿಲ್ಲ.

ನಿನ್ನದು ಸಿಬ್ಬಂದಿ ವಿಷಯಕ್ಕೆ ಸಲಹೆ ಕೊಡುವ ಅಡ್ವೈಸರ್ ಹುದ್ದೆ, ಸಹಿ ಹಾಕುವವರು ಬೇರೆ, ಗೊತ್ತು. ಬಾಯಲ್ಲಿ ಹೇಳಿದ ಸಲಹೆಯನ್ನು ಕೇಳೇ ಇಲ್ಲ ಅನ್ನಬಹುದು. ಈಮೇಲಿನಲ್ಲಿ ಬರೆದು ಹೇಳು. ಅಯ್ಯೋ, ಉಪದೇಶ ಜಾಸ್ತಿ ಆಯಿತು. ಕೌಂಟರಿನಲ್ಲಿ ಕೂತವನ ಚಾಳಿ.

ನನಗೆ ಇನ್ನೊಂದು ಭಯ ಇದೆ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದ ಮೇಲೆ ಆ ದೇಣಿಗೆಯಲ್ಲಿ ಆಡಳಿತದ ಖರ್ಚು 20 ಪರ್ಸೆಂಟ್ ದಾಟುವಂತಿಲ್ಲ. ಮುಂಚೆ 50 ಇತ್ತು. ಆಸ್ಪತ್ರೆಯ ಡಾಕ್ಟರ ಸಂಬಳ ಆ ಲೆಕ್ಕಕ್ಕೆ ಬರುವುದಿಲ್ಲ, ನಿನ್ನಂಥವರದು ಬರುತ್ತದೆ. ಮುಂದಿನ ಕತ್ತರಿ ನಿನಗೇ ಬೀಳಬಹುದು. ನಿನ್ನ ಅಮ್ಮನಿಗೆ ಇದನ್ನು ಹೇಳಿಲ್ಲ. ಬೆಂಗಳೂರಿನ ಕಂಪನಿ ಬಿಟ್ಟು ಅರ್ಧ ಸಂಬಳಕ್ಕೆ ಹೋದಳು ಅಂತ ಅವಳು ಇನ್ನೂ ಗೊಣಗುತ್ತಾಳೆ. ನೆಂಟರು ಬಂದರೆ ಮಾತ್ರ 'ನಮ್ಮ ಹುಡುಗಿ ಚಾಮರಾಜನಗರದಲ್ಲಿ ಆಸ್ಪತ್ರೆಯವರಿಗೆಲ್ಲ ಕೆಲಸ ಕೊಡುತ್ತಾಳೆ' ಅನ್ನುತ್ತಾಳೆ. ನಾನು ತಿದ್ದುವುದಿಲ್ಲ, ಕೇಳಲು ಚೆನ್ನಾಗಿರುತ್ತದೆ.

ಬಿಡಲೇಬೇಕು ಅನ್ನಿಸಿದರೆ ಏಪ್ರಿಲ್‌ನಲ್ಲಿ ಬಿಡು. ಆಗ ನಾನು ಒಂದು ಮಾತೂ ಆಡುವುದಿಲ್ಲ. ಅಲ್ಲಿಯವರೆಗೆ ಅವರಲ್ಲಿ ಯಾರೂ ಬೆಂಚಿನ ಮೇಲೆ ಕೂತು ಕಾಯುವ ಹಾಗೆ ಆಗಬಾರದು.

ಲೆಕ್ಕದ ಹಾಳೆ ಸಿದ್ಧವಾದ ಮೇಲೆ ನನಗೊಂದು ಕಳಿಸು, ಕೂಡಿ ನೋಡುತ್ತೇನೆ. ಹೆಸರುಗಳನ್ನು ತೆಗೆದು ಕಳಿಸು, ಹೊರಗಿನವರಿಗೆ ತೋರಿಸಬಾರದು ಅಂತ ನಿಮ್ಮಲ್ಲಿ ನಿಯಮ ಇರುತ್ತದಲ್ಲ.

ಅಪ್ಪ