ರಕ್ತದಾನದ ಫಾರಂನಲ್ಲಿ ಸುಳ್ಳು ಬೇಡ

ಮಾನ್ಯ ಸಂಪಾದಕರೇ,

ರಕ್ತ ಕೊಡಿ ಎಂದು ಕರೆಯುವ ಬರಹಗಳು ಜಾಸ್ತಿ. ಯಾರು ಕೊಡಬಾರದು, ಯಾಕೆ ಎಂದು ಬರೆಯುವವರು ಕಡಿಮೆ. ದಾನಕ್ಕೆ ಮುಂಚೆ ಕೊಡುವ ಪ್ರಶ್ನೆಗಳ ಫಾರಂ ಅನ್ನು ಹಲವರು ಓದುವುದೇ ಇಲ್ಲ, ಸುಮ್ನೆ ಎಲ್ಲಕ್ಕೂ ‘ಇಲ್ಲ’ ಎಂದು ಟಿಕ್ ಹಾಕುತ್ತಾರೆ. ಹೇಗೂ ಟೆಸ್ಟ್ ಮಾಡ್ತಾರಲ್ವಾ ಅನ್ನುವ ಧೈರ್ಯ.

ಟೆಸ್ಟ್ ಮಾಡುತ್ತಾರೆ, ನಿಜ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಇದೆಯೇ ಎಂದು ನೋಡುತ್ತಾರೆ. ಆದರೆ ಸೋಂಕು ತಗುಲಿದ ಮೊದಲ ಕೆಲವು ದಿನ ಯಾವ ಪರೀಕ್ಷೆಗೂ ವೈರಸ್ ಸಿಗುವುದಿಲ್ಲ. ವೈರಸ್‌ನ ಜೀನ್‌ಗಳನ್ನೇ ಹುಡುಕುವ ನ್ಯಾಟ್ ಪರೀಕ್ಷೆ ಬಂದ ಮೇಲೆ ಈ ಅವಧಿ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಇತ್ತೀಚೆಗೆ ಹಚ್ಚೆ ಹಾಕಿಸಿಕೊಂಡಿರಾ, ಅಸುರಕ್ಷಿತ ಲೈಂಗಿಕ ಸಂಪರ್ಕ ಇತ್ತಾ ಎಂದೆಲ್ಲ ಕೇಳುವುದು ಅದಕ್ಕೇ. ಮುಜುಗರ ಆಗುತ್ತದೆ, ಒಪ್ಪುತ್ತೇನೆ. ಆದರೂ ನಿಜ ಹೇಳಬೇಕು.

ಮಾತ್ರೆಗಳ ವಿಷಯವೂ ಹೀಗೆಯೇ. ಮೊಡವೆಗೆ ನುಂಗುವ ಐಸೊಟ್ರೆಟಿನೊಯಿನ್ ಬೆರೆತ ರಕ್ತ ಗರ್ಭಿಣಿಗೆ ಹೋದರೆ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಆಸ್ಪಿರಿನ್ ತಿಂದವರ ಪ್ಲೇಟ್‌ಲೆಟ್‌ಗಳು ರಕ್ತಸ್ರಾವ ನಿಲ್ಲಿಸುವ ಕೆಲಸ ಸರಿಯಾಗಿ ಮಾಡುವುದಿಲ್ಲ. ಇಂಥದ್ದನ್ನು ಲ್ಯಾಬ್ ಹುಡುಕುವುದಿಲ್ಲ, ನಾವೇ ಹೇಳಬೇಕು.

ಹಿಮೋಗ್ಲೋಬಿನ್ ಕಡಿಮೆ ಎಂದು ವಾಪಸ್ ಕಳಿಸಿದರೆ ಅವಮಾನವೇನೂ ಅಲ್ಲ.

ರೋಗಿಯ ಕಡೆಯವರಿಗೂ ಒಂದು ಮಾತು. ತಪ್ಪು ಗುಂಪಿನ ರಕ್ತ ಏರಿಸುವ ಅನಾಹುತ ಹೆಚ್ಚಾಗಿ ಆಗುವುದು ರೋಗಿಗಳ ಗುರುತು ಅದಲುಬದಲಾದಾಗ. ನರ್ಸ್ ಮತ್ತೆ ಮತ್ತೆ ಹೆಸರು ಕೇಳಿದರೆ ಸಿಡುಕಬೇಡಿ. ರಕ್ತ ಏರಿಸುವಾಗ, ಅದರಲ್ಲೂ ಮೊದಲ 15 ನಿಮಿಷ, ಚಳಿ, ಜ್ವರ, ಸೊಂಟನೋವು, ಉಸಿರಾಟದ ತೊಂದರೆ ಕಂಡರೆ ತಕ್ಷಣ ಅವರನ್ನು ಕರೆಯಿರಿ.

– ಒಬ್ಬ ಓದುಗ